ಅರ್ಧಕ್ಕೆ ನಿಂತ ಪುಸ್ತಕಕ್ಕೆ ಮರಳುವುದು ಹೇಗೆ?

ಪುಸ್ತಕ ತಂದು ವರ್ಷವಾಗಿದೆ. ಮೂವತ್ತನೆಯ ಪುಟದಲ್ಲಿ ಸಿಕ್ಕಿಸಿದ ಬಸ್ ಟಿಕೆಟ್ ಹಾಗೇ ಇದೆ. ಭಾನುವಾರ ಬಿಡುವು ಮಾಡಿಕೊಂಡು ಕೂತರೆ ಎರಡು ಪುಟ ದಾಟುವಷ್ಟರಲ್ಲಿ ಏನೋ ಚಡಪಡಿಕೆ. ಓದಿದ ಸಾಲನ್ನೇ ಮತ್ತೆ ಓದಬೇಕು. ಯಾರು ಯಾರಿಗೆ ಏನಾಗಬೇಕು ಎಂಬುದು ಮರೆತುಹೋಗಿರುತ್ತದೆ. ಅಷ್ಟರಲ್ಲಿ ಕೈ ಮೊಬೈಲಿನ ಮೇಲಿರುತ್ತದೆ. ‘ಒಂದೇ ನಿಮಿಷ’ ಎಂದು ತೆಗೆದದ್ದು ಮುಕ್ಕಾಲು ಗಂಟೆಯಾಗುತ್ತದೆ. ಕಾಲೇಜಿನ ದಿನಗಳಲ್ಲಿ ರಾತ್ರಿ ನಿದ್ದೆಗೆಟ್ಟು ಕಾದಂಬರಿ ಮುಗಿಸುತ್ತಿದ್ದವರೇ ಈಗ ‘ಓದೋಕೇ ಆಗ್ತಿಲ್ಲ ಕಣ್ರೀ’ ಎನ್ನುವುದನ್ನು ನೀವೂ ಕೇಳಿರುತ್ತೀರಿ. ನೀವೇ ಹೇಳಿರಲೂಬಹುದು.

ನನಗೆ ಇದು ಅರಿವಾದದ್ದು ಎರಡು ವರ್ಷದ ಹಿಂದೆ, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಎರಡನೆಯ ಸಲ ಕೈಗೆತ್ತಿಕೊಂಡಾಗ. ಏಳುನೂರು ಪುಟ ದಾಟುವ ಪುಸ್ತಕ. ಹರೆಯದಲ್ಲಿ ಅದನ್ನು ಬಿಡದೆ ಓದಿದ್ದೆ. ಈ ಸಲ ನಾಯಿಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡಿನ ದಾರಿ ಹಿಡಿದದ್ದೇ ತಡ, ನನ್ನ ಮನಸ್ಸು ಬೇರೆ ದಾರಿ ಹಿಡಿಯಿತು. ನಾಲ್ಕನೆಯ ಪುಟದ ಹೊತ್ತಿಗೆ ಬಲಗೈ ಹೆಬ್ಬೆರಳು ಪುಟದ ಅಂಚಿನ ಮೇಲೆ ಸುಮ್ಮನೆ ಮೇಲಕ್ಕೆ ಕೆಳಕ್ಕೆ ಆಡುತ್ತಿತ್ತು. ಕಾಗದವನ್ನು ಸರಿಸಲು ಹೊರಟಿತ್ತು ಅದು. ಅದನ್ನು ಕಂಡು ಭಯವಾಯಿತು.

ಆಮೇಲೆ ತಿಳಿಯಿತು, ಓದುವ ಮಿದುಳನ್ನೇ ಜೀವಮಾನವಿಡೀ ಅಧ್ಯಯನ ಮಾಡಿದ ಮೇರಿಯಾನ್ ವುಲ್ಫ್ ಅವರಿಗೂ ಹೀಗೇ ಆಗಿತ್ತು ಎಂದು. ಹಿಂದೆ ಬಹಳ ಪ್ರೀತಿಸಿದ್ದ ಹರ್ಮನ್ ಹೆಸ್ಸೆಯ ದೊಡ್ಡ ಕಾದಂಬರಿಯನ್ನು ಮತ್ತೆ ತೆರೆದರೆ ಓದಲು ಆಗಲೇ ಇಲ್ಲ ಎಂದು ಅವರು 2018ರಲ್ಲಿ ಪ್ರಕಟವಾದ ‘ರೀಡರ್, ಕಮ್ ಹೋಮ್’ ಪುಸ್ತಕದಲ್ಲಿ ಬರೆದಿದ್ದಾರೆ. ಅವರು ಕೈ ಚೆಲ್ಲಲಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷದ ಲೆಕ್ಕದಲ್ಲಿ ಓದುತ್ತ ಹೋದರು. ಎರಡು ವಾರದ ಹೊತ್ತಿಗೆ ಹಳೆಯ ಓದು ಮರಳಿತು. ಕೆಳಗೆ ಹೇಳುವ ಕ್ರಮದ ಬೇರು ಅಲ್ಲಿದೆ. ಉಳಿದದ್ದು ನಾನು ಮಾಡಿ ನೋಡಿ, ಬೇರೆಯವರಿಂದ ಮಾಡಿಸಿ ನೋಡಿ ಕಂಡುಕೊಂಡದ್ದು.

ಮನಸ್ಸಿಗೆ ಆಗಿರುವುದೇನು?

ಮೊದಲು ಒಂದು ಸುಳ್ಳನ್ನು ಪಕ್ಕಕ್ಕಿಡೋಣ. ಮನುಷ್ಯನ ಏಕಾಗ್ರತೆ ಈಗ ಎಂಟು ಸೆಕೆಂಡಿಗೆ ಇಳಿದಿದೆ, ಗಾಜಿನ ತೊಟ್ಟಿಯ ಹೊಂಬಣ್ಣದ ಮೀನಿಗೂ ನಮಗಿಂತ ಹೆಚ್ಚಿದೆ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ತಿರುಗುತ್ತಲೇ ಇರುತ್ತದೆ. 2015ರ ಒಂದು ಕಂಪನಿ ವರದಿಯಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಅದರ ಹಿಂದೆ ಗಟ್ಟಿಯಾದ ಸಂಶೋಧನೆ ಯಾವುದೂ ಇಲ್ಲ. ಮೂರು ಗಂಟೆ ಕ್ರಿಕೆಟ್ ನೋಡುವ, ರಾತ್ರಿಯಿಡೀ ಯಕ್ಷಗಾನ ನೋಡುವ ಜನ ನಾವು. ಗಮನ ಕೊಡುವ ಶಕ್ತಿ ನಮ್ಮಲ್ಲಿ ಬತ್ತಿಹೋಗಿಲ್ಲ.

ನಿಜವಾಗಿ ಅಳೆದದ್ದು ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಗ್ಲೋರಿಯಾ ಮಾರ್ಕ್, ಜನ ಒಂದು ಪರದೆಯಿಂದ ಇನ್ನೊಂದಕ್ಕೆ ಎಷ್ಟು ಹೊತ್ತಿಗೊಮ್ಮೆ ಜಿಗಿಯುತ್ತಾರೆ ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದರು. 2004ರಲ್ಲಿ ಸರಾಸರಿ ಎರಡೂವರೆ ನಿಮಿಷ ಇತ್ತು. 2012ರ ಹೊತ್ತಿಗೆ 75 ಸೆಕೆಂಡ್. ಇತ್ತೀಚಿನ ವರ್ಷಗಳಲ್ಲಿ ಸುಮಾರು 47 ಸೆಕೆಂಡ್. ಅವರು ಅಳೆದದ್ದು ನಮ್ಮ ಸಾಮರ್ಥ್ಯವನ್ನಲ್ಲ, ರೂಢಿಯನ್ನು. ಅದಕ್ಕಿಂತ ಮುಖ್ಯವಾದ ಸಂಗತಿಯೂ ಅವರಿಗೆ ಕಂಡಿತು. ಕೆಲಸದ ನಡುವಿನ ಅಡಚಣೆಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟನ್ನು ಬೇರೆ ಯಾರೂ ತರುವುದಿಲ್ಲ, ನಾವೇ ತಂದುಕೊಳ್ಳುತ್ತೇವೆ. ಮೊಬೈಲು ಸದ್ದು ಮಾಡದಿದ್ದರೂ ‘ಏನಾದರೂ ಬಂದಿರಬಹುದೇ’ ಎಂದು ನೋಡುತ್ತೇವಲ್ಲ, ಅದು.

ಈ ರೂಢಿ ಪುಸ್ತಕಕ್ಕೇ ಏಕೆ ಹೊಡೆತ ಕೊಡುತ್ತದೆ? ಮಾತಾಡುವುದು ಹುಟ್ಟಿನಿಂದ ಬರುತ್ತದೆ, ಓದುವುದು ಹಾಗೆ ಬರುವುದಿಲ್ಲ. ನೋಡಲು, ಕೇಳಲು, ನೆನಪಿಡಲು ಇರುವ ಮಿದುಳಿನ ಭಾಗಗಳನ್ನು ಜೋಡಿಸಿ ಪ್ರತಿ ಮಗುವೂ ಓದಿನ ದಾರಿಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕು. ನಾವು ದಿನವೂ ಹೇಗೆ ಓದುತ್ತೇವೋ ಆ ದಾರಿಯೂ ಹಾಗೇ ರೂಪುಗೊಳ್ಳುತ್ತದೆ. ಹತ್ತು ವರ್ಷ ಬರೀ ತಲೆಬರಹ ನೋಡಿ ಮುಂದೆ ಹೋಗುವುದನ್ನು ಅಭ್ಯಾಸ ಮಾಡಿದ ಕಣ್ಣಿಗೆ ಪುಸ್ತಕ ಕೊಟ್ಟರೆ ಅದನ್ನೂ ತಲೆಬರಹದ ಹಾಗೇ ಓದಲು ಹೋಗುತ್ತದೆ.

ಕನ್ನಡ ಓದುಗರಿಗೆ ಇದರಿಂದ ಇನ್ನೂ ಹೆಚ್ಚು ನಷ್ಟ ಎಂಬುದು ನನ್ನ ಅನಿಸಿಕೆ. ವೆಬ್ ಪುಟಗಳ ಮೇಲೆ ಕಣ್ಣು ಹೇಗೆ ಓಡುತ್ತದೆ ಎಂದು 2006ರಲ್ಲಿ ಯಾಕೋಬ್ ನೀಲ್ಸನ್ ತಂಡ ಪರೀಕ್ಷಿಸಿದಾಗ, ಜನ ಮೇಲಿನ ಒಂದೆರಡು ಸಾಲನ್ನು ಪೂರ್ತಿ ಓದಿ, ಆಮೇಲೆ ಸಾಲುಗಳ ಎಡತುದಿಯನ್ನಷ್ಟೇ ಸವರಿಕೊಂಡು ಇಳಿಯುತ್ತಾರೆ ಎಂದು ಕಂಡುಬಂತು. ಇಂಗ್ಲಿಷಿನಲ್ಲಿ ಹೀಗೆ ಓದಿದರೂ ಸ್ವಲ್ಪ ಅರ್ಥ ದಕ್ಕೀತು, ಅಲ್ಲಿ ಕ್ರಿಯಾಪದ ಬೇಗ ಬರುತ್ತದೆ. ನಮ್ಮಲ್ಲಿ ವಾಕ್ಯದ ಜೀವ ಕೊನೆಯಲ್ಲಿರುತ್ತದೆ. ‘ಅವನು ಊರಿಗೆ ಹೋಗಿ, ಅಮ್ಮನನ್ನು ಕಂಡು, ಗದ್ದೆಯ ಮಾತು ಮುಗಿಸಿ, ಸಂಜೆಯ ಬಸ್ಸಿಗೆ ಮರಳಿ’ ಎಂಬಲ್ಲಿಯವರೆಗೆ ಏನೂ ತೀರ್ಮಾನವಾಗಿಲ್ಲ. ‘ಬಂದ’ ಎಂದರೆ ಒಂದು ಕತೆ, ‘ಬರಲಿಲ್ಲ’ ಎಂದರೆ ಇನ್ನೊಂದು, ‘ಬರಬಹುದಿತ್ತು’ ಎಂದರೆ ಬೇರೆಯೇ. ಕೊನೆಯ ಪದದವರೆಗೆ ಉಳಿದದ್ದನ್ನೆಲ್ಲ ಮನಸ್ಸಿನಲ್ಲಿ ಹಿಡಿದುಕೊಂಡೇ ಇರಬೇಕು. ಎಡತುದಿಯನ್ನು ಸವರುವ ಕಣ್ಣಿಗೆ ಕನ್ನಡದ ವಾಕ್ಯ ಸಿಕ್ಕುವುದೇ ಇಲ್ಲ. ಅದರ ಮೇಲೆ, ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬೆರಳಚ್ಚು ಮಾಡುವ ಅಭ್ಯಾಸ ಬಹಳ ಮಂದಿಗೆ ಆಗಿದೆ. ಒತ್ತಕ್ಷರ ತುಂಬಿದ ಪುಟ ಕಂಡಾಗ ಕಣ್ಣು ತಡವರಿಸುವುದು ಸಹಜ. ಬಳಕೆ ತಪ್ಪಿದೆ, ಮತ್ತೆ ಬಳಸಿದರೆ ಬರುತ್ತದೆ.

ಮರಳುವ ದಾರಿ

1. ಮೊಬೈಲು ಬೇರೆ ಕೋಣೆಯಲ್ಲಿರಲಿ

ಈ ಒಂದನ್ನು ಮಾಡದೆ ಉಳಿದ ಎಲ್ಲವನ್ನೂ ಮಾಡಿದರೆ ಪ್ರಯೋಜನ ಕಡಿಮೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಏಡ್ರಿಯನ್ ವಾರ್ಡ್ ಮತ್ತು ಜೊತೆಗಾರರು ಸುಮಾರು 800 ಜನರ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಕೆಲವರ ಫೋನು ಮೇಜಿನ ಮೇಲೆ ಮಗುಚಿ ಇತ್ತು, ಕೆಲವರದ್ದು ಜೇಬಿನಲ್ಲೋ ಚೀಲದಲ್ಲೋ, ಇನ್ನು ಕೆಲವರದ್ದು ಪಕ್ಕದ ಕೋಣೆಯಲ್ಲಿ. ಯಾವ ಫೋನೂ ಸದ್ದು ಮಾಡುತ್ತಿರಲಿಲ್ಲ. ಮನಸ್ಸಿಗೆ ಕೆಲಸ ಕೊಡುವ ಪರೀಕ್ಷೆಗಳಲ್ಲಿ ಪಕ್ಕದ ಕೋಣೆಯಲ್ಲಿ ಫೋನು ಬಿಟ್ಟುಬಂದವರೇ ಮುಂದಿದ್ದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲೆಲ್ಲ ಇಷ್ಟೇ ಸ್ಪಷ್ಟ ವ್ಯತ್ಯಾಸ ಕಂಡಿಲ್ಲ, ಅದನ್ನೂ ಹೇಳಬೇಕು. ಆದರೆ ಮನೆಯಲ್ಲಿ ಕಾಣುವ ಕಾರಣ ಇನ್ನೂ ಸರಳ. ಕೈಗೆ ಎಟುಕುವಲ್ಲಿ ಇದ್ದರೆ ಯೋಚಿಸುವ ಮೊದಲೇ ಕೈ ಎತ್ತಿಕೊಂಡಿರುತ್ತದೆ. ಎದ್ದು, ಕೋಣೆ ದಾಟಿ ಹೋಗಬೇಕಾದರೆ ನಡುವೆ ಐದಾರು ಹೆಜ್ಜೆ ಸಿಗುತ್ತದೆ. ‘ಈಗೇಕೆ ಬೇಕು?’ ಎಂದು ಕೇಳಿಕೊಳ್ಳಲು ಅಷ್ಟು ಸಾಕು.

ನಮ್ಮ ಮನೆಯಲ್ಲಿ ಅದರ ಜಾಗ ಅಡುಗೆಮನೆಯ ಫ್ರಿಜ್ಜಿನ ಮೇಲೆ. ‘ಊರಿಂದ ಅಪ್ಪ ಅಮ್ಮ ಫೋನ್ ಮಾಡಿದರೆ?’ ಎಂಬ ಆತಂಕ ನಿಜವಾದದ್ದು, ಅದಕ್ಕೆ ದಾರಿ ಇದೆ. ಸೆಟ್ಟಿಂಗ್ಸ್‌ನಲ್ಲಿ ‘ಡು ನಾಟ್ ಡಿಸ್ಟರ್ಬ್’ ಹಾಕಿ, ಮನೆಯವರ ನಂಬರುಗಳಿಗೆ ಮಾತ್ರ ಅನುಮತಿ ಕೊಡಿ. ಒಬ್ಬರೇ ಬೆನ್ನುಬೆನ್ನಿಗೆ ಎರಡು ಸಲ ಕರೆ ಮಾಡಿದರೆ ರಿಂಗ್ ಆಗುವ ಹಾಗೆ ಮಾಡುವ ಆಯ್ಕೆಯೂ ಅಲ್ಲೇ ಇರುತ್ತದೆ. ರಿಂಗಿನ ಸದ್ದು ಜೋರಾಗಿ ಇಡಿ. ತುರ್ತು ಕರೆ ತಪ್ಪುವುದಿಲ್ಲ, ಉಳಿದದ್ದು ಕಾಯುತ್ತದೆ.

2. ಇಪ್ಪತ್ತೇ ನಿಮಿಷ, ಅದೇ ಹೊತ್ತು, ಅದೇ ಜಾಗ

‘ದಿನಾ ಓದುತ್ತೇನೆ’ ಎಂಬ ಸಂಕಲ್ಪ ನಿಲ್ಲುವುದಿಲ್ಲ. ‘ರಾತ್ರಿ ಪಾತ್ರೆ ತೊಳೆದಾದ ಮೇಲೆ ಕಿಟಕಿ ಪಕ್ಕದ ಕುರ್ಚಿಯಲ್ಲಿ’ ಎಂಬುದು ನಿಲ್ಲುತ್ತದೆ. ಈಗಾಗಲೇ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಗಂಟು ಹಾಕಿದರೆ ಹೊಸ ಅಭ್ಯಾಸಕ್ಕೆ ಬೇರೆ ನೆನಪು ಬೇಕಾಗುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ 96 ಜನರನ್ನು ಗಮನಿಸಿ ಬರೆದ ಪ್ರಕಾರ, ಹೊಸ ಅಭ್ಯಾಸ ತಾನಾಗಿ ನಡೆಯತೊಡಗಲು ಸರಾಸರಿ 66 ದಿನ ಹಿಡಿಯುತ್ತದೆ. ಕೆಲವರಿಗೆ 18 ದಿನ ಸಾಕು ಎಂದಾದರೆ ಇನ್ನು ಕೆಲವರಿಗೆ 254 ದಿನ. ಒಂದು ದಿನ ತಪ್ಪಿದರೆ ಮಾಡಿದ್ದೆಲ್ಲ ಹಾಳಾಗುವುದಿಲ್ಲ ಎಂಬುದೂ ಅವರಿಗೆ ಕಂಡಿತು. ಇಪ್ಪತ್ತೊಂದು ದಿನಕ್ಕೆ ಎಲ್ಲವೂ ಬದಲಾಗುತ್ತದೆ ಎಂದು ಹೇಳುವವರನ್ನು ನಂಬಬೇಡಿ.

ಸಮಯ ನೋಡಲು ಗೋಡೆ ಗಡಿಯಾರ ಇರಲಿ. ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡರೆ ಒಂದನೆಯ ಸೂತ್ರ ಅಲ್ಲಿಗೇ ಮುರಿಯಿತು.

3. ಮೊದಲ ಐದು ನಿಮಿಷ ಕಷ್ಟ. ಏಳಬೇಡಿ

ಮಾಡುತ್ತಿದ್ದ ಕೆಲಸ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದಾಗ ಹಿಂದಿನದ್ದರ ಎಳೆ ಮನಸ್ಸಿನಲ್ಲಿ ಉಳಿದಿರುತ್ತದೆ. ಇದನ್ನು 2009ರಲ್ಲಿ ಸೋಫಿ ಲೆರಾಯ್ ಎಂಬ ಸಂಶೋಧಕಿ ‘ಗಮನದ ಶೇಷ’ ಎಂದು ಕರೆದರು. ಪುಸ್ತಕ ತೆರೆದ ಕೂಡಲೆ ಸಪ್ಪೆ ಅನ್ನಿಸಿದರೆ ಅದು ಪುಸ್ತಕದ ದೋಷವಲ್ಲ, ಈ ಶೇಷ. ಅದು ಇಳಿಯಲು ಸ್ವಲ್ಪ ಹೊತ್ತು ಬೇಕು. ನಿನ್ನೆ ಓದಿದ ಕೊನೆಯ ಒಂದು ಪುಟವನ್ನು ಮತ್ತೆ ಓದಿ ಅಲ್ಲಿಂದ ಮುಂದುವರಿಯಿರಿ. ವಾರಪತ್ರಿಕೆಯ ಧಾರಾವಾಹಿಗೆ ‘ಇದುವರೆಗೆ’ ಎಂದು ಮೊದಲಲ್ಲಿ ನಾಲ್ಕು ಸಾಲು ಹಾಕುತ್ತಿದ್ದರಲ್ಲ, ಅದೇ ಕೆಲಸವನ್ನು ಈ ಪುಟ ಮಾಡುತ್ತದೆ.

4. ಎರಡು ಪುಟ ಬಾಯಿಬಿಟ್ಟು ಓದಿ

ಮನಸ್ಸು ಓಡುತ್ತಿದ್ದರೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ. ಗಟ್ಟಿಯಾಗಿ ಓದುವಾಗ ಕಣ್ಣು ಹಾರಲು ಆಗುವುದಿಲ್ಲ. ಪ್ರತಿ ಪದವನ್ನೂ ನಾಲಗೆ ಮುಟ್ಟಲೇಬೇಕು, ವಾಕ್ಯದ ಕೊನೆಯ ಕ್ರಿಯಾಪದದ ತನಕ ಉಸಿರು ಹಿಡಿಯಲೇಬೇಕು. ನಮ್ಮ ಹಿರಿಯರು ಕುಮಾರವ್ಯಾಸನನ್ನು ಓದಿದ್ದು ಹೀಗೆಯೇ. ಒಬ್ಬರು ಗಮಕದಲ್ಲಿ ವಾಚಿಸುವುದು, ಇನ್ನೊಬ್ಬರು ವ್ಯಾಖ್ಯಾನ ಹೇಳುವುದು, ಉಳಿದವರು ಕೂತು ಕೇಳುವುದು. ಅಕ್ಷರ ಬಾರದವರೂ ಹತ್ತಾರು ಪದ್ಯಗಳನ್ನು ನೆನಪಿಟ್ಟುಕೊಳ್ಳುತ್ತಿದ್ದರು.

ಆಡುನುಡಿಯಲ್ಲಿ ಬರೆದ ಪುಸ್ತಕಗಳಿಗಂತೂ ಇದು ಬೇಕೇ ಬೇಕು. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ಕಣ್ಣಲ್ಲಿ ಓದಿ ‘ಅರ್ಥವಾಗಲಿಲ್ಲ’ ಎಂದು ಕೆಳಗಿಟ್ಟ ಸಂಬಂಧಿಯೊಬ್ಬರಿಗೆ ಮೊದಲ ನಾಲ್ಕು ಪುಟ ಗಟ್ಟಿಯಾಗಿ ಓದಿ ಎಂದೆ. ಅವರು ಹುಟ್ಟಿ ಬೆಳೆದದ್ದು ನಂಜನಗೂಡಿನ ಕಡೆ. ಎರಡನೆಯ ಪುಟಕ್ಕೆ ಅವರ ದನಿಯೇ ಬದಲಾಯಿತು. ‘ಇದು ನಮ್ಮಜ್ಜಿ ಮಾತಾಡ್ದಂಗೇ ಅದೆ’ ಎಂದರು. ಆಮೇಲೆ ನಾನು ಹೇಳಬೇಕಾದದ್ದು ಏನೂ ಉಳಿಯಲಿಲ್ಲ.

5. ಹೆಸರುಗಳ ಚೀಟಿ ಬರೆದಿಡಿ

ದೊಡ್ಡ ಕಾದಂಬರಿ ಅರ್ಧಕ್ಕೆ ನಿಲ್ಲುವುದು ಬಹುಮಟ್ಟಿಗೆ ಮೊದಲ ನೂರು ಪುಟದೊಳಗೆ, ಕಾರಣ ಹೆಸರುಗಳು. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೆ ಒಬ್ಬ ನಾಯಕ ಇಲ್ಲ. ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ ಎಂದು ಜನ ಬರುತ್ತಲೇ ಹೋಗುತ್ತಾರೆ. ಸಿಂಬಾವಿ, ಬೆಟ್ಟಳ್ಳಿ, ಹಳೆಮನೆ, ಕೋಣೂರು, ಮೇಗರವಳ್ಳಿ ಎಂದು ಊರುಗಳು ಬರುತ್ತವೆ. ಯಾರು ಯಾವ ಮನೆಯವರು ಎಂಬುದು ತಪ್ಪಿದರೆ ಮುಂದಿನ ಪುಟಗಳೆಲ್ಲ ಗೋಜಲು. ಮಂದಿ ಇಲ್ಲಿ ‘ನನಗೆ ಏಕಾಗ್ರತೆ ಇಲ್ಲ’ ಎಂದುಕೊಂಡು ಪುಸ್ತಕ ಮುಚ್ಚುತ್ತಾರೆ. ಏಕಾಗ್ರತೆಯ ಮಾತೇ ಅಲ್ಲ ಇದು, ನೆನಪಿನ ಹೊರೆಯ ಮಾತು. ಮನಸ್ಸು ಒಂದು ಹೊತ್ತಿಗೆ ಕೆಲವೇ ಸಂಗತಿಗಳನ್ನು ಕೈಯಲ್ಲಿ ಹಿಡಿದುಕೊಳ್ಳಬಲ್ಲದು.

ನಾನು ಮಾಡಿದ್ದು ಇಷ್ಟು. ಹಳೆಯ ಮದುವೆ ಕರೆಯೋಲೆಯ ದಪ್ಪ ಕಾಗದವನ್ನು ಪುಸ್ತಕದ ಅಳತೆಗೆ ಕತ್ತರಿಸಿದೆ. ಎಡಗಡೆ ಊರು ಮತ್ತು ಮನೆಯ ಹೆಸರು, ಬಲಗಡೆ ಆ ಮನೆಯ ಜನ. ಹೊಸಬರು ಬಂದಾಗ ಪೆನ್ಸಿಲಿನಲ್ಲಿ ಸೇರಿಸುತ್ತ ಹೋದೆ, ಪಕ್ಕದಲ್ಲಿ ಎರಡೇ ಪದದ ಗುರುತು. ‘ಗುತ್ತಿ - ನಾಯಿ ಹುಲಿಯ’ ಎಂಬಂತೆ. ಪುಟದ ಗುರುತಿಗೂ ಅದೇ ಚೀಟಿ. ನೂರೈವತ್ತನೆಯ ಪುಟದ ಹೊತ್ತಿಗೆ ಚೀಟಿ ತಿರುಗಿಸಿ ನೋಡುವ ಅಗತ್ಯವೇ ಬೀಳಲಿಲ್ಲ, ಆ ಊರುಗಳೆಲ್ಲ ನಾನೇ ತಿರುಗಾಡಿದ ಹಾಗಾಗಿದ್ದವು. ಎಸ್.ಎಲ್. ಭೈರಪ್ಪನವರ ‘ಪರ್ವ’ಕ್ಕೂ ಇಂಥದ್ದೇ ಚೀಟಿ ಉಪಯೋಗಕ್ಕೆ ಬರುತ್ತದೆ. ಮಹಾಭಾರತದ ಹೆಸರುಗಳು ಗೊತ್ತಿದ್ದರೂ ಈಗ ಯಾರ ಮನಸ್ಸಿನೊಳಗೆ ಇದ್ದೇವೆ ಎಂಬುದು ಅಲ್ಲಿ ಆಗಾಗ ಬದಲಾಗುತ್ತದೆ.

6. ‘ಆಮೇಲೆ ನೋಡಬೇಕು’ ಪುಸ್ತಕ

ಓದುತ್ತಿರುವಾಗ ಒಂದು ಪದದ ಅರ್ಥ ಬೇಕೆನಿಸುತ್ತದೆ. ಗ್ಯಾಸ್ ಬುಕ್ ಮಾಡಿದೆನಾ ಎಂದು ನೆನಪಾಗುತ್ತದೆ. ಮೊಬೈಲು ತೆಗೆಯಲು ಇವೆಲ್ಲ ನ್ಯಾಯವಾದ ಕಾರಣಗಳ ಹಾಗೇ ಕಾಣುತ್ತವೆ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಓದು ಮುಂದುವರಿಸಿ. ಬರೆದಿಟ್ಟ ಮೇಲೆ ಮನಸ್ಸು ಅದನ್ನು ಹಿಡಿದುಕೊಂಡು ಕೂರುವುದಿಲ್ಲ. ಇಪ್ಪತ್ತು ನಿಮಿಷದ ನಂತರ ಪಟ್ಟಿ ನೋಡಿದರೆ ಅರ್ಧಕ್ಕರ್ಧ ಬೇಕಾದದ್ದೇ ಅಲ್ಲ ಎನ್ನುವುದು ನಿಮಗೇ ಕಾಣುತ್ತದೆ. ಪದದ ಅರ್ಥಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಕುರ್ಚಿಯ ಪಕ್ಕದಲ್ಲೇ ಇದ್ದರೆ ಇನ್ನೂ ಒಳ್ಳೆಯದು.

7. ಏರುದಾರಿ ಮೆಲ್ಲಗೆ ಇರಲಿ

ಮೊದಲಿಗೆ ಒಂದೆರಡು ಸಲ ಕೂತರೆ ಮುಗಿಯುವ ಸಣ್ಣ ಕತೆಗಳು. ಮಾಸ್ತಿ, ಜಯಂತ ಕಾಯ್ಕಿಣಿ, ವೈದೇಹಿ, ನಿಮಗೆ ಹಿಡಿಸಿದವರು ಯಾರಾದರೂ ಸರಿ. ಆಮೇಲೆ ಕಿರುಕಾದಂಬರಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಹತ್ತರಲ್ಲಿ ಎಂಟು ಜನರಿಗೆ ನಾನು ಕೊಡುವ ಪುಸ್ತಕ. ಮಂದಣ್ಣ ಮತ್ತು ಹಾರುವ ಓತಿಯ ಬೆನ್ನು ಹತ್ತಿದವರು ನಡುವೆ ನಿಲ್ಲಿಸಿದ್ದನ್ನು ನಾನು ಕಂಡದ್ದು ಕಡಿಮೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಇನ್ನೂ ಚಿಕ್ಕದು, ಬೆಂಗಳೂರಿನ ಮನೆಯೊಳಗಿನದು. ಆಮೇಲೆ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ (1941), ತೇಜಸ್ವಿಯವರ ‘ಚಿದಂಬರ ರಹಸ್ಯ’. ದಪ್ಪದ ಪುಸ್ತಕ ಮೂರನೆಯ ತಿಂಗಳಿಗೆ ಇರಲಿ.

ಈ ಪಟ್ಟಿ ನನ್ನದು. ನಿಮಗೆ ಕೃಷಿ, ಸಿನಿಮಾ, ಪ್ರವಾಸ ಯಾವುದು ಇಷ್ಟವೋ ಅದನ್ನೇ ತೆಗೆದುಕೊಳ್ಳಿ. ಐವತ್ತು ಪುಟ ಓದಿದರೂ ಹಿಡಿಸದಿದ್ದರೆ ಸಂಕೋಚವಿಲ್ಲದೆ ಬಿಟ್ಟು ಬೇರೆ ತೆರೆಯಿರಿ.

8. ಹಿಂದಿರುಗಿಸುವ ತಾರೀಖು ಇರುವ ಪುಸ್ತಕ ತನ್ನಿ

ಹಿಂದೆ ನಮ್ಮ ಊರುಗಳಲ್ಲಿ ಬಾಡಿಗೆ ಲೈಬ್ರರಿಗಳಿದ್ದವು. ದಿನದ ಲೆಕ್ಕದಲ್ಲಿ ದುಡ್ಡು. ನನ್ನ ಅಮ್ಮ ತ್ರಿವೇಣಿ, ಅನಕೃ ಅವರನ್ನೆಲ್ಲ ಓದಿದ್ದು ಹಾಗೆ. ನಾಳೆ ವಾಪಸು ಕೊಡಬೇಕೆಂದು ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಕೈಯಲ್ಲಿ ಪುಸ್ತಕ ಇರುತ್ತಿತ್ತು. ಕೊಂಡ ಪುಸ್ತಕಕ್ಕೆ ಅವಧಿ ಇಲ್ಲ, ಅದಕ್ಕೇ ಅದು ಕಪಾಟಿನಲ್ಲಿ ಕೂರುತ್ತದೆ. ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯದ ಸದಸ್ಯರಾಗಿ. ಮುದ್ರೆ ಹೊಡೆದ ಆ ತಾರೀಖು ನಿಮ್ಮ ಸಂಕಲ್ಪಕ್ಕಿಂತ ಗಟ್ಟಿ.

9. ಮೂರು ವಾರದ ಮೇಲೆ ಹೊತ್ತು ಹೆಚ್ಚಿಸಿ

ಇಪ್ಪತ್ತು ನಿಮಿಷ ಮುಗಿದಾಗ ‘ಇನ್ನೊಂದು ಪುಟ’ ಎನ್ನಿಸತೊಡಗಿದರೆ ಮೂವತ್ತಕ್ಕೆ, ನಂತರ ನಲವತ್ತಕ್ಕೆ ಏರಿಸಿ. ಅದಕ್ಕೂ ಮೊದಲು ಬೇಡ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಒಂದೇ ದಿನ ಎಲ್ಲ ಆ್ಯಪ್‌ಗಳನ್ನು ಅಳಿಸಿಹಾಕುವುದು ಮೊದಲನೆಯದು. ಉತ್ಸಾಹದಲ್ಲಿ ಮಾಡುತ್ತೇವೆ, ನಾಲ್ಕನೆಯ ದಿನ ಬ್ಯಾಂಕಿನ ಕೆಲಸಕ್ಕೋ ಮಗುವಿನ ಶಾಲೆಯ ಗುಂಪಿಗೋ ಮತ್ತೆ ಹಾಕಿಕೊಳ್ಳುತ್ತೇವೆ, ಜೊತೆಗೆ ಉಳಿದದ್ದೂ ಬರುತ್ತದೆ. ಇಂಟರ್ನೆಟ್ಟನ್ನು ಬಿಡುವುದು ನಮ್ಮ ಗುರಿಯಲ್ಲ. ದಿನದಲ್ಲಿ ಇಪ್ಪತ್ತು ನಿಮಿಷ ಅದು ಒಳಗೆ ಬಾರದಂತೆ ಬಾಗಿಲು ಹಾಕಿದರೆ ಸಾಕು.

ಇನ್ನೊಂದು, ರೀಲ್ಸು ನೋಡಿ ಮುಗಿಸಿ ಆಮೇಲೆ ಓದುತ್ತೇನೆ ಎಂದುಕೊಳ್ಳುವುದು. ಅದು ಮುಗಿಯುವುದೇ ಇಲ್ಲ, ಮುಗಿಯದ ಹಾಗೆ ಅದನ್ನು ಮಾಡಿರುವುದು. ಪುಟಕ್ಕೆ ಕೊನೆಯೇ ಇಲ್ಲದಂತೆ ಉರುಳುತ್ತ ಹೋಗುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್ ಅದರ ಪರಿಣಾಮ ನೋಡಿ ಆಮೇಲೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟಿದ್ದಾರೆ. ಪುಸ್ತಕಕ್ಕೆ ಅಧ್ಯಾಯ ಮುಗಿಯುತ್ತದೆ, ಪುಟ ಮುಗಿಯುತ್ತದೆ, ಅಲ್ಲಿ ಉಸಿರು ತೆಗೆದುಕೊಳ್ಳಲು ಜಾಗವಿದೆ. ರೀಲ್ಸಿನಲ್ಲಿ ಆ ಜಾಗವನ್ನೇ ತೆಗೆದುಹಾಕಿದ್ದಾರೆ. ಆದ್ದರಿಂದ ಓದು ಮೊದಲು, ಮೊಬೈಲು ಆಮೇಲೆ.

ಮಲಗುವಾಗ ಓದುತ್ತೇನೆ ಎಂದು ಮೊಬೈಲನ್ನು ಅಲಾರಂಗಾಗಿ ದಿಂಬಿನ ಪಕ್ಕದಲ್ಲೇ ಇಡುವುದೂ ಇದೇ ಜಾತಿಯ ತಪ್ಪು. ಒಂದು ಸಾದಾ ಅಲಾರಂ ಗಡಿಯಾರ ಕೊಳ್ಳಿ. ನಾನು ಈ ವಿಷಯಕ್ಕೆ ಖರ್ಚು ಮಾಡಿದ ದುಡ್ಡಿನಲ್ಲಿ ಅತಿ ಸಾರ್ಥಕವಾದದ್ದು ಅದೇ.

‘ಈ ವರ್ಷ ಐವತ್ತು ಪುಸ್ತಕ’ ಎಂಬ ಗುರಿ ಹಾಕಿಕೊಳ್ಳುವವರಿಗೆ ನನ್ನ ವಿನಂತಿ, ದಯವಿಟ್ಟು ಬೇಡ. ಲೆಕ್ಕ ಶುರುವಾದರೆ ತೆಳ್ಳಗಿನ ಪುಸ್ತಕ ಹುಡುಕುತ್ತೇವೆ, ವರ್ಣನೆ ಬಂದಲ್ಲಿ ಹಾರುತ್ತೇವೆ. ಮೊಬೈಲಿನಲ್ಲಿ ಮಾಡುತ್ತಿದ್ದದ್ದನ್ನೇ ಪುಸ್ತಕದಲ್ಲೂ ಮಾಡಿದ ಹಾಗಾಗುತ್ತದೆ.

ಪರದೆಯ ಮೇಲೆ ಓದಬಹುದೇ?

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. 2000ದಿಂದ 2017ರವರೆಗಿನ 54 ಅಧ್ಯಯನಗಳನ್ನು, ಒಟ್ಟು ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದ ಸ್ಪೇನಿನ ಪಾಬ್ಲೊ ದೆಲ್ಗಾದೊ ಮತ್ತು ಸಂಗಡಿಗರಿಗೆ ಕಂಡದ್ದು ಹೀಗೆ: ವಿಷಯ ತಿಳಿಸುವ ಬರಹವನ್ನು ಕಾಗದದಲ್ಲಿ ಓದಿದವರಿಗೆ ಹೆಚ್ಚು ಅರ್ಥವಾಗುತ್ತದೆ, ಸಮಯದ ಒತ್ತಡವಿದ್ದರೆ ಈ ಅಂತರ ಇನ್ನೂ ಹೆಚ್ಚು. ಕತೆ ಮಾತ್ರ ಓದಿದಾಗ ಅಂಥ ಅಂತರ ಕಾಣಲಿಲ್ಲ. ಹಾಗಾಗಿ ಪರೀಕ್ಷೆಗೆ ಓದುವ ಮಕ್ಕಳು, ಕೆಎಎಸ್‌ಗೆ ಕೂತವರು ಮುಖ್ಯ ಪಾಠಗಳನ್ನಾದರೂ ಕಾಗದದಲ್ಲಿ ಓದಬೇಕು, ಪಿಡಿಎಫ್ ಆದರೆ ಪ್ರಿಂಟ್ ತೆಗೆಸಿಕೊಳ್ಳಬೇಕು. ಕಾದಂಬರಿಯನ್ನು ಇ-ಪುಸ್ತಕದಲ್ಲಿ ಓದಲು ಅಡ್ಡಿಯಿಲ್ಲ. ವಿದೇಶದಲ್ಲಿರುವ ಕನ್ನಡಿಗರಿಗೆ ಅದೇ ದೊಡ್ಡ ಆಸರೆ. ಆದರೆ ಏರ್‌ಪ್ಲೇನ್ ಮೋಡ್ ಹಾಕಿಕೊಂಡು ಓದಿ.

ಎಚ್ಚರಿಕೆ

ಓದಲು ಆಗದ್ದಕ್ಕೆಲ್ಲ ಇಂಟರ್ನೆಟ್ಟೇ ಕಾರಣವಲ್ಲ. ವಯಸ್ಸು ನಲವತ್ತು ದಾಟಿದೆಯೇ? ಮೊದಲು ಕಣ್ಣು ತೋರಿಸಿ. ಚಾಳೀಸು ಬಂದದ್ದು ಗೊತ್ತಾಗದೆ ‘ಗಮನ ಹೋಗಿದೆ’ ಎಂದು ಕೊರಗುವವರಿದ್ದಾರೆ. ಮೊಬೈಲಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಪುಸ್ತಕದಲ್ಲಿ ಆಗುವುದಿಲ್ಲ, ಅದರಿಂದ ಪುಸ್ತಕ ಮಾತ್ರ ಕಷ್ಟ ಅನ್ನಿಸುತ್ತದೆ. ನನ್ನ ಪರಿಚಯದ ಹಿರಿಯರೊಬ್ಬರ ತೊಂದರೆ ಓದುವ ಕನ್ನಡಕ ಬಂದ ದಿನವೇ ಮುಗಿಯಿತು. ಕುರ್ಚಿಯ ಎಡಕ್ಕೋ ಹಿಂದಕ್ಕೋ ಒಳ್ಳೆಯ ದೀಪವೂ ಇರಲಿ.

ನಿದ್ದೆ ಸಾಲದಿದ್ದರೆ ಯಾವ ಕ್ರಮವೂ ಕೆಲಸ ಮಾಡುವುದಿಲ್ಲ. ಓದು ಮಾತ್ರವಲ್ಲ, ಅಡುಗೆ, ಮಾತುಕತೆ, ಇಷ್ಟದ ಹಾಡು, ಯಾವುದರಲ್ಲೂ ವಾರಗಟ್ಟಲೆ ಮನಸ್ಸು ನಿಲ್ಲದಿದ್ದರೆ ಅದು ಖಿನ್ನತೆಯ ಅಥವಾ ಬೇರೆ ತೊಂದರೆಯ ಲಕ್ಷಣವಿರಬಹುದು, ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಉಚಿತ. ಮೊಬೈಲು ಬಿಟ್ಟಿರಲು ಪ್ರಯತ್ನಿಸಿದರೂ ಆಗದೆ, ಕೆಲಸ, ಓದು, ಮನೆಯ ಸಂಬಂಧ ಕೆಡುತ್ತಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಅದಕ್ಕೆಂದೇ 2014ರಿಂದ ‘ಶಟ್’ ಎಂಬ ಕ್ಲಿನಿಕ್ ಇದೆ. ಹೋಗಲು ನಾಚಿಕೆ ಬೇಡ.

ಮಕ್ಕಳಿಗೆ ‘ಮೊಬೈಲು ಕಿತ್ತುಕೊಂಡೆ, ಈಗ ಓದು’ ಎನ್ನಬೇಡಿ. ಪುಸ್ತಕ ಶಿಕ್ಷೆಯ ಹಾಗೆ ಕಂಡರೆ ಮುಂದೆಂದೂ ಅದರ ಹತ್ತಿರ ಸುಳಿಯುವುದಿಲ್ಲ. ನಿಮ್ಮ ಇಪ್ಪತ್ತು ನಿಮಿಷದ ಹೊತ್ತಿಗೆ ಮನೆಯ ಎಲ್ಲರ ಫೋನುಗಳೂ ಫ್ರಿಜ್ಜಿನ ಮೇಲೆ ಹೋಗಲಿ. ಸಣ್ಣವರಿದ್ದರೆ ಆ ಹೊತ್ತು ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ನಾಲ್ಕನೆಯ ಸೂತ್ರವೂ ಅಲ್ಲೇ ಆಗುತ್ತದೆ. ಹಳ್ಳಿಯಲ್ಲಿರುವವರು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ವಿಚಾರಿಸಿ. ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾರೆ.

‘ಮಲೆಗಳಲ್ಲಿ ಮದುಮಗಳು’ ಮುಗಿಸಲು ನನಗೆ ಹನ್ನೊಂದು ವಾರ ಹಿಡಿಯಿತು. ನಡುವೆ ಒಂಬತ್ತು ದಿನ ತಪ್ಪಿತ್ತು. ನಿಮ್ಮ ಕಪಾಟಿನಲ್ಲಿ ಅರ್ಧಕ್ಕೆ ನಿಂತ ಪುಸ್ತಕ ಯಾವುದೆಂದು ನಿಮಗೆ ಗೊತ್ತು. ಇವತ್ತು ರಾತ್ರಿ ಅದನ್ನು ಹೊರಗೆ ತೆಗೆಯಿರಿ. ಮೂವತ್ತನೆಯ ಪುಟದಲ್ಲಿರುವ ಬಸ್ ಟಿಕೆಟ್ ತೆಗೆದುಹಾಕಿ, ಮೊದಲನೆಯ ಪುಟದಿಂದ ಶುರು ಮಾಡಿ.